ಬದುವಿನ ಬಾರಿ ಗಿಡ: ಹಣ್ಣು ನಮಗೆ, ಸೊಪ್ಪು ದನಕ್ಕೆ

ಸಂಕ್ರಾಂತಿಗೆ ಚಿಕ್ಕ ಮಕ್ಕಳನ್ನು ಕೂಡ್ರಿಸಿ ಕರಿ ಎರೆಯುವಾಗ ಬಾರಿ ಹಣ್ಣು ಬೇಕೇ ಬೇಕು. ಆ ಒಂದು ದಿನ ಬಿಟ್ಟರೆ ಬದುವಿನ ಮೇಲಿನ ಬಾರಿ ಗಿಡ ನಮಗೆ ಬರೀ ಮುಳ್ಳುಕಂಟಿ. ಥೈಲ್ಯಾಂಡ್ ಮೂಲದ ಆಪಲ್ ಬಾರಿ ಸಂತೆಗೆ ಬಂದ ಮೇಲೆ ಅನೇಕ ರೈತರು ಅದರ ಸಸಿ ಹುಡುಕುತ್ತಿದ್ದಾರೆ. ಸಸಿಗೆ ಹಣ ಕೊಡುವ ಮೊದಲು ನಿಮ್ಮ ಬದುವಿನ ಜವಾರಿ ಗಿಡವನ್ನೊಮ್ಮೆ ನೋಡಿರಿ.

ಅದರ ಬೇರು ಆಗಲೇ ಆಳಕ್ಕೆ ಇಳಿದಿದೆ. ಬೀಳಗಿಯ ಒಣ ಹೊಲದಲ್ಲಿಯೂ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆ ಕಬ್ಬಿಗೆ ನೀರು ಹೆಚ್ಚಾಗಿ ಸವಳು ಬಿದ್ದ ಹೊಲದ ಅಂಚಿನಲ್ಲಿಯೂ ಅದು ತಕ್ಕಮಟ್ಟಿಗೆ ತಾಳುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಗಿಡವನ್ನು ನೆಲದಿಂದ ಮೊಳದೆತ್ತರಕ್ಕೆ ಕತ್ತರಿಸಿ, ಬರುವ ಚಿಗುರುಗಳಲ್ಲಿ ದಪ್ಪನೆಯ ಒಂದೆರಡನ್ನು ಮಾತ್ರ ಉಳಿಸಬೇಕು. ಜೂನ್-ಜುಲೈಗೆ ಅವು ಪೆನ್ಸಿಲ್ ಗಾತ್ರವಾದಾಗ ಉಮ್ರಾನ್ ಅಥವಾ ಆಪಲ್ ಬಾರಿಯ ಕಣ್ಣು ಕಸಿ ಮಾಡಬಹುದು. ಕಸಿಯ ಕೆಳಗೆ ಒಡೆಯುವ ಜವಾರಿ ಚಿಗುರನ್ನು ಚಿವುಟುತ್ತಲೇ ಇರಬೇಕು. ಇದನ್ನು ಮರೆತರೆ ಎರಡು ವರ್ಷದಲ್ಲಿ ಮತ್ತೆ ಅದೇ ಕಂಟಿ!

ಬಾರಿ ಹಣ್ಣನ್ನು ಬಡವರ ಸೇಬು ಎನ್ನುತ್ತಾರೆ. ಸಿ ಜೀವಸತ್ವದ ಮಟ್ಟಿಗೆ ಈ ಹೋಲಿಕೆಯಿಂದ ಬಾರಿಗೇ ಅನ್ಯಾಯವಾಗಿದೆ. 100 ಗ್ರಾಂ ಸೇಬಿನಲ್ಲಿ ಅದು ಸುಮಾರು 5 ಮಿಲಿಗ್ರಾಂ ಇದ್ದರೆ, ತಾಜಾ ಬಾರಿಯಲ್ಲಿ ಸಾಮಾನ್ಯವಾಗಿ 70 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು. ಒಣಗಿಸಿದರೆ ಬಹುಪಾಲು ಹೋಗುತ್ತದೆ. ಬಾರಿ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂಬ ಮಾತನ್ನು ನಂಬಬೇಡಿರಿ. ಅದು ಸಿಹಿ ಹಣ್ಣೇ. ಸಣ್ಣ ಮಕ್ಕಳಿಗೆ ಬೀಜ ತೆಗೆದು ಕೊಡಬೇಕು.

ಕೊಯ್ಲಿನಲ್ಲಿ ನಾವು ಮಾಡುವ ದೊಡ್ಡ ತಪ್ಪು ಕೋಲಿನಿಂದ ಬಡಿಯುವುದು. ಒಂದೇ ಗಿಡದ ಹಣ್ಣು ಒಮ್ಮೆಲೇ ಬಲಿಯುವುದಿಲ್ಲ. ನಾಲ್ಕೈದು ಸಲ ಕೈಯಿಂದಲೇ ಬಿಡಿಸಬೇಕು. ಉಮ್ರಾನ್ ಬಂಗಾರದ ಹಳದಿ ಬಣ್ಣಕ್ಕೆ ಬಂದಾಗ ಸರಿ, ಕಂದು ತಿರುಗಿದರೆ ತಡವಾಯಿತು. ಆಪಲ್ ಬಾರಿಯನ್ನು ತಿಳಿಹಸಿರು ಇರುವಾಗಲೇ, ಸಿಪ್ಪೆ ನುಣುಪಾಗಿ ಹೊಳೆಯತೊಡಗಿದಾಗ ಕೀಳಬೇಕು. ಬೆಳಗಿನ ತಂಪಿನಲ್ಲಿ ಬಿಡಿಸಿ, ನೆರಳಲ್ಲಿ ಆರಿಸಿ, ಬುಟ್ಟಿಗೆ ತುಂಬಿರಿ. ಚೀಲಕ್ಕೆ ತುರುಕಿದರೆ ತಳದ ಹಣ್ಣು ಸಂತೆ ಮುಟ್ಟುವುದರೊಳಗೆ ಮೆತ್ತಗಾಗಿರುತ್ತದೆ.

ಉದುರಿದ ಹಣ್ಣನ್ನು ತಿಪ್ಪೆಗೆ ಎಸೆಯಬೇಡಿರಿ. ಹಣ್ಣು ನೊಣದ ಹುಳು ಅದರಿಂದ ಹೊರಬಿದ್ದು ಮಣ್ಣಿನಲ್ಲಿ ಕೋಶವಾಗಿ, ಮುಂದೆ ನೊಣವಾಗಿ ಏಳುತ್ತದೆ. ಅಂಥ ಹಣ್ಣನ್ನು ದಿನವೂ ಆರಿಸಿ ಎರಡಡಿ ಆಳದಲ್ಲಿ ಹೂಳಬೇಕು. ಬೇಸಿಗೆಯಲ್ಲಿ ಗಿಡದ ಬುಡ ಅಗೆದು ಬಿಟ್ಟರೆ ಕೋಶಗಳು ಬಿಸಿಲಿಗೆ ಸಾಯುತ್ತವೆ.

ಇನ್ನು ದನದ ಮಾತು. ಬಾರಿ ಹೊಸ ಚಿಗುರಿನಲ್ಲಿಯೇ ಕಾಯಿ ಕಟ್ಟುವುದರಿಂದ ಪ್ರತಿ ವರ್ಷ ಏಪ್ರಿಲ್-ಮೇನಲ್ಲಿ ಗಿಡ ಸವರಲೇಬೇಕು. ಹಸಿರು ಮೇವಿಗೆ ಪರದಾಡುವ ದಿನಗಳೂ ಅವೇ. 2023ರ ಬರದ ಮರುಬೇಸಿಗೆಯನ್ನು ಯಾರೂ ಮರೆತಿರಲಾರರು. ಸವರಿದ ಸೊಪ್ಪಿನಲ್ಲಿ ಜೋಳದ ಕಣಿಕೆಗಿಂತ ಪ್ರೋಟೀನ್ ಬಹಳ ಹೆಚ್ಚು. ಆದರೆ ಒಗರಿನ ಟ್ಯಾನಿನ್ ಅಂಶವೂ ಇರುವುದರಿಂದ ಅದನ್ನೊಂದನ್ನೇ ಹೊಟ್ಟೆ ತುಂಬ ಹಾಕಬಾರದು. ಆಡುಗಳು ಮುಳ್ಳಿನ ನಡುವೆಯೇ ಮೇಯುತ್ತವೆ. ಆಕಳು, ಎಮ್ಮೆಗೆ ಟೊಂಗೆಯಿಂದ ಸೊಪ್ಪು ಬಿಡಿಸಿ, ಕಣಿಕೆಯೊಡನೆ ಬೆರೆಸಿ ಸ್ವಲ್ಪಸ್ವಲ್ಪವಾಗಿ ರೂಢಿಸಿರಿ.

ಔಷಧ ಹೊಡೆದ ಗಿಡದ ಸೊಪ್ಪನ್ನು ಮಾತ್ರ ಕೊಟ್ಟಿಗೆಗೆ ತರಬೇಡಿರಿ. ಕೆಲವು ಕೀಟನಾಶಕಗಳ ಅಂಶ ಹಾಲಿಗೂ ಇಳಿಯುತ್ತದೆ, ಸಂಘದಲ್ಲಿ ನಿಮ್ಮ ಹಾಲು ಊರವರ ಹಾಲಿನೊಡನೆ ಒಂದೇ ಕ್ಯಾನಿಗೆ ಬೀಳುತ್ತದೆ. ಹಣ್ಣಿಗೆ ಔಷಧ ಹೊಡೆಯುವ ವಿಚಾರವಿದ್ದರೆ ಮೇವಿಗೆಂದು ಎರಡು ಗಿಡ ಬೇರೆ ಬಿಟ್ಟುಕೊಳ್ಳಿರಿ. ಔಷಧದ ಗಾಳಿ ತಾಗದಷ್ಟು ದೂರದಲ್ಲಿರಲಿ.