ಪ್ರಾಯದ ಓದು ಮತ್ತು ಕಾಯುತ್ತಿರುವ ಕೃತಿ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನೆಲೆಯಿಂದ ತಾರುಣ್ಯದ ಪ್ರಣಯ ಕಾದಂಬರಿ

1. ಪೀಠಿಕೆ

ತುಮಕೂರು ಕಂದಾಯ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಶಾಲಾ ಆಡಳಿತದ ದೃಷ್ಟಿಯಿಂದ ಒಂದು ಪ್ರತ್ಯೇಕ ಘಟಕ. ಅದನ್ನು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯಲಾಗುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನಗಳಲ್ಲಿ ಈ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡು ಮರೆಯಾಗುತ್ತದೆ. ಅಂಕಗಳ ಲೆಕ್ಕದಲ್ಲಿ ಮಾತ್ರ ಗೋಚರಿಸುವ ಈ ವಯಸ್ಸಿನ ಹುಡುಗ ಹುಡುಗಿಯರು ಪಠ್ಯಪುಸ್ತಕದ ಆಚೆಗೆ ಏನನ್ನು ಓದಬಲ್ಲರು, ಮುಂದೆ ಏನನ್ನು ಓದಲು ಕಾಯುತ್ತಾರೆ ಎಂಬ ಪ್ರಶ್ನೆ ಕನ್ನಡ ಸಂಶೋಧನೆಯ ಕಕ್ಷೆಯೊಳಗೆ ಬಂದದ್ದು ಕಡಿಮೆ. ಹದಿಹರೆಯದವರ ಕೈಗೆ ಸೇರುವ ಪ್ರಣಯ ಕಾದಂಬರಿಗಳನ್ನು ಈ ನಾಲ್ಕು ತಾಲ್ಲೂಕುಗಳ ನೆಲೆಯಲ್ಲಿ ನಿಂತು ಓದಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಓದುಗರ ಸಮೀಕ್ಷೆಯಲ್ಲ, ಕೃತಿಗಳ ಅನುಸಂಧಾನ.

ಪ್ರಣಯ ಕಾದಂಬರಿಗಳ ಬಗ್ಗೆ ಎರಡು ಬಗೆಯ ತಿರಸ್ಕಾರ ನಮ್ಮಲ್ಲಿ ರೂಢಿಯಲ್ಲಿದೆ. ಮೊದಲನೆಯದು ವಿಮರ್ಶೆಯದು. ಮಹಿಳೆಯರ ಜನಪ್ರಿಯ ಬರವಣಿಗೆಯನ್ನು 'ಅಡುಗೆಮನೆ ಸಾಹಿತ್ಯ' ಎಂದು ಕರೆದು ಅದು ಬದಿಗೆ ಸರಿಸಿತು. ಎರಡನೆಯದು ಮನೆಯದು. 'ಕಾದಂಬರಿ ಓದಿ ಕೆಟ್ಟಳು' ಎಂಬ ಮಾತಿನಲ್ಲಿ ಅದು ಅಡಗಿದೆ. ಈ ಎರಡೂ ತಿರಸ್ಕಾರಗಳು ಈ ಕಾದಂಬರಿಗಳ ತಿರುಳು ಪ್ರೇಮವೆಂದೇ ಭಾವಿಸುತ್ತವೆ. ಆದರೆ ಇವುಗಳ ನಿಜವಾದ ತಿರುಳು ಹೆಣ್ಣಿನ ಸಮ್ಮತಿಯ ಪ್ರಶ್ನೆ. ಅವಳನ್ನು ಯಾರಾದರೂ ಕೇಳಿದರೇ, ಕೇಳಿದಾಗ ಅವಳು ಕೊಟ್ಟ ಉತ್ತರಕ್ಕೆ ಬೆಲೆ ಇತ್ತೇ ಎಂಬುದೇ ಕಥೆಯನ್ನು ನಡೆಸುವ ಶಕ್ತಿ ಎಂಬುದು ಇಲ್ಲಿಯ ಪ್ರತಿಪಾದನೆ.

2. ಓದುಗ ವಯಸ್ಸು ಮತ್ತು ಕಾಣೆಯಾದ ಕಪಾಟು

'ಯಂಗ್ ಅಡಲ್ಟ್' ಎಂಬ ವರ್ಗೀಕರಣ ರೂಪುಗೊಂಡದ್ದರಲ್ಲಿ ಲೇಖಕರಷ್ಟೇ ಗ್ರಂಥಪಾಲಕರ ಪಾತ್ರವೂ ಇದೆ. ಅಮೆರಿಕದ ಗ್ರಂಥಾಲಯ ಸಂಘವು 1957ರಲ್ಲೇ ಈ ವಯಸ್ಸಿನ ಓದುಗರ ಸೇವೆಗೆಂದು ಪ್ರತ್ಯೇಕ ವಿಭಾಗವನ್ನು ಹೊಂದಿತು. ಎಸ್.ಇ. ಹಿಂಟನ್ ಹದಿಹರೆಯದಲ್ಲೇ ಬರೆದ 'ದಿ ಔಟ್‌ಸೈಡರ್ಸ್' 1967ರಲ್ಲಿ ಪ್ರಕಟವಾಯಿತು. 2012ರ ಜಾನ್ ಗ್ರೀನ್, 2014ರ ಜೆನ್ನಿ ಹ್ಯಾನ್ ಮುಂತಾದವರ ಕಾದಂಬರಿಗಳವರೆಗೆ ಬೆಳೆದ ಈ ಧಾರೆಯಲ್ಲಿ ಮುಂದಿನ ಪುಸ್ತಕದ ದಿನಾಂಕವನ್ನು ಓದುಗರು ತಿಂಗಳುಗಟ್ಟಲೆ ಮೊದಲೇ ಬಲ್ಲರು. ಬಿಡುಗಡೆಗಾಗಿ ಕಾಯುವುದೂ ಅಲ್ಲಿ ಓದಿನ ಒಂದು ಭಾಗವಾಗಿದೆ.

ಕನ್ನಡದಲ್ಲಿ ಮಕ್ಕಳ ಸಾಹಿತ್ಯಕ್ಕೆ ಒಂದು ಕಪಾಟು, ಕಾದಂಬರಿಗೆ ಇನ್ನೊಂದು ಕಪಾಟು ಇದೆ; ನಡುವೆ ಏನೂ ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರವನ್ನೂ 2011ರಿಂದ ಯುವ ಪುರಸ್ಕಾರವನ್ನೂ ನೀಡುತ್ತಿದೆ. ಮೊದಲನೆಯದರಲ್ಲಿ 'ಬಾಲ' ಎಂಬ ಪದ ಓದುಗರನ್ನು ಸೂಚಿಸಿದರೆ, ಎರಡನೆಯದರಲ್ಲಿ 'ಯುವ' ಎಂಬುದು 35 ವರ್ಷ ಮೀರದ ಲೇಖಕರನ್ನು ಸೂಚಿಸುತ್ತದೆ. ಹದಿನಾರು ಹದಿನೇಳರ ಓದುಗರು ಈ ಎರಡು ಹೆಸರುಗಳ ನಡುವೆ ಕಾಣೆಯಾಗಿದ್ದಾರೆ.

ಇದರ ಪರಿಣಾಮವನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮಟ್ಟದಲ್ಲಿ ಗುರುತಿಸಬಹುದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಬೆಳೆದ ವ್ಯವಸ್ಥೆಯಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡವು. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವು 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ನೀಡಿತು. ಇದು ಸ್ವಾಗತಾರ್ಹ. ಆದರೆ ಆರರ ಮಗುವಿಗೂ ಹದಿನೇಳರ ಯುವತಿಗೂ ಒಂದೇ ಚೀಟಿ ಕೊಟ್ಟ ವ್ಯವಸ್ಥೆಯು ಹದಿನೇಳರವಳಿಗೆ ಏನನ್ನು ಓದಲು ಕೊಡಬೇಕೆಂದು ಬೇರೆಯಾಗಿ ಯೋಚಿಸಬೇಕಾಗುತ್ತದೆ. ಪಂಚತಂತ್ರದ ಕಥೆಗಳಿಗೂ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಿಗೂ ನಡುವೆ ಅವಳ ವಯಸ್ಸಿನ ಪುಸ್ತಕ ಯಾವುದು?

3. ಕಾಯುವ ಓದಿನ ಪರಂಪರೆ

ಮುಂದಿನ ಕಂತಿಗಾಗಿ ಕಾಯುವುದು ಕನ್ನಡಕ್ಕೆ ಹೊಸದಲ್ಲ. 1965ರಲ್ಲಿ ಆರಂಭವಾದ 'ಸುಧಾ', 1983ರಲ್ಲಿ ಬಂದ 'ತರಂಗ' ಮೊದಲಾದ ವಾರಪತ್ರಿಕೆಗಳ ಧಾರಾವಾಹಿಗಳು ವಾರಕ್ಕೊಮ್ಮೆ ಕಥೆಯನ್ನು ತಡೆದು ನಿಲ್ಲಿಸಿ ಓದುಗರನ್ನು ಹಿಡಿದಿಟ್ಟವು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಸಾಯಿಸುತೆ ಮೊದಲಾದವರ ಕೃತಿಗಳು ಬಾಡಿಗೆ ಗ್ರಂಥಾಲಯಗಳ ಮೂಲಕವೂ ಚಲನಚಿತ್ರಗಳ ಮೂಲಕವೂ ಹರಡಿದವು. ಉಷಾ ನವರತ್ನರಾಂ ಅವರ 'ಹೊಂಬಿಸಿಲು' 1978ರಲ್ಲಿ ತೆರೆಗೆ ಬಂದಿತು. ರಾಧಾದೇವಿಯವರ 'ಅನುರಾಗದ ಅಂತಃಪುರ' 1986ರಲ್ಲಿ 'ಅನುರಾಗ ಅರಳಿತು' ಚಿತ್ರವಾಯಿತು. ಪುಸ್ತಕ ತಲುಪದ ಊರಿಗೆ ಕಥೆ ಟೂರಿಂಗ್ ಟಾಕೀಸಿನ ಮೂಲಕ ತಲುಪಿತು.

ಪಾವಗಡದ ಸಂದರ್ಭ ಸ್ವಲ್ಪ ಭಿನ್ನ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಈ ತಾಲ್ಲೂಕಿನಲ್ಲಿ ಅನೇಕ ಮನೆಗಳ ಮಾತು ತೆಲುಗು, ಶಾಲೆಯ ಅಕ್ಷರ ಕನ್ನಡ. ಕಿವಿಗೆ ತೆಲುಗು ತಿಳಿದು ಕಣ್ಣಿಗೆ ತೆಲುಗು ಲಿಪಿ ತಿಳಿಯದ ಓದುಗರಿಗೆ ಯಂಡಮೂರಿ ವೀರೇಂದ್ರನಾಥ್ ಅವರ ಕಾದಂಬರಿಗಳು ಕನ್ನಡ ಅನುವಾದದಲ್ಲಿ ದೊರೆತದ್ದು ಒಂದು ವಿಶಿಷ್ಟ ಸನ್ನಿವೇಶ. ಅನುವಾದವು ಇಲ್ಲಿ ಮನೆಯ ಮಾತಿನ ಕಥೆಯನ್ನು ಶಾಲೆಯ ಅಕ್ಷರದಲ್ಲಿ ಹಿಂದಿರುಗಿಸುತ್ತದೆ. ಗಡಿನಾಡಿನ ಓದನ್ನು ಕುರಿತ ಅಧ್ಯಯನಗಳು ಈ ಅಂಶವನ್ನು ಗಮನಿಸಬೇಕಾಗಿದೆ.

ಇಂದು ಧಾರಾವಾಹಿಯ ಸ್ಥಾನ ಕೈಯೊಳಗಿನ ಮೊಬೈಲಿಗೆ ಸರಿದಿದೆ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಪ್ರತಿಲಿಪಿ'ಯಂತಹ ವೇದಿಕೆಗಳಲ್ಲಿ ಕನ್ನಡದ ಪ್ರಣಯ ಕಥೆಗಳು ಅಧ್ಯಾಯ ಅಧ್ಯಾಯವಾಗಿ ಪ್ರಕಟಗೊಳ್ಳುತ್ತವೆ. ಓದುಗರು ಲೇಖಕರನ್ನು ಹಿಂಬಾಲಿಸಿ ಮುಂದಿನ ಭಾಗವನ್ನು ಬೇಗ ಬರೆಯುವಂತೆ ಒತ್ತಾಯಿಸಬಹುದು. ಮೊಬೈಲು ತನ್ನದಲ್ಲದ, ಅಣ್ಣನದೋ ಅಪ್ಪನದೋ ಆಗಿರುವ ಹುಡುಗಿಗೆ ಈ ಸ್ವಾತಂತ್ರ್ಯ ಎರವಲು ಸ್ವಾತಂತ್ರ್ಯವೆಂಬುದನ್ನೂ ಮರೆಯಲಾಗದು. ಬಾಡಿಗೆ ಪುಸ್ತಕವನ್ನು ಹಾಸಿಗೆಯ ಕೆಳಗೆ ಬಚ್ಚಿಡಬಹುದಿತ್ತು. ಎರವಲು ಮೊಬೈಲಿನಲ್ಲಿ ಓದಿನ ಗುರುತು ಉಳಿದುಬಿಡುತ್ತದೆ.

4. ಮೂರು ಕಥೆಗಳು, ಹೆಣ್ಣಿನ ಮೂರು ಮಾತುಗಳು

ಸಮ್ಮತಿಯ ಪ್ರಶ್ನೆಯನ್ನು ಭಿನ್ನ ಕಾಲದ ಮೂರು ಕಥೆಗಳಲ್ಲಿ ಪರಿಶೀಲಿಸಬಹುದು.

ಮೊದಲನೆಯದು ತ್ರಿವೇಣಿಯವರ (1928-1963) 'ಬೆಳ್ಳಿಮೋಡ'. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ತೆರೆಗೆ ತಂದ ಈ ಕಥೆಯಲ್ಲಿ ಇಂದಿರಾ ಎಸ್ಟೇಟಿನ ಏಕೈಕ ವಾರಸುದಾರಳು. ಅವಳಿಗೆ ತಮ್ಮ ಹುಟ್ಟಿದೊಡನೆ ಆಸ್ತಿ ಕೈತಪ್ಪುತ್ತದೆ, ನಿಶ್ಚಯವಾಗಿದ್ದ ವರ ಹಿಂದೆ ಸರಿಯುತ್ತಾನೆ. ಮುಂದೆ ಅವನು ಗಾಯಗೊಂಡಾಗ ಅವಳೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಬದಲಾಗಿ ಮದುವೆಗೆ ಸಿದ್ಧನಾದಾಗ ಅವಳು ಒಪ್ಪುವುದಿಲ್ಲ. ಪ್ರಣಯ ಕಥೆಯೊಂದು ಮದುವೆಯ ಬದಲು ನಿರಾಕರಣೆಯಲ್ಲಿ ಮುಗಿಯುವುದು ಗಮನಾರ್ಹ. ಆರೈಕೆ ಕರುಣೆಯಿಂದ ಬಂದದ್ದು. ಕರುಣೆಯನ್ನು ಸಮ್ಮತಿಯೆಂದು ಎಣಿಸುವ ಹಕ್ಕು ಅವನಿಗಿಲ್ಲ. 'ಬೇಡ' ಎಂಬ ಒಂದು ಮಾತು ಇಲ್ಲಿ ಕಥೆಯ ಶಿಖರ.

ಎರಡನೆಯದು ಯಂಡಮೂರಿಯವರ ತೆಲುಗು ಕಾದಂಬರಿಯನ್ನು ಆಧರಿಸಿ ಸುನೀಲ್ ಕುಮಾರ್ ದೇಸಾಯಿ ನಿರ್ದೇಶಿಸಿದ 1995ರ 'ಬೆಳದಿಂಗಳ ಬಾಲೆ'. ಪ್ರಸಿದ್ಧ ಚದುರಂಗ ಆಟಗಾರನೊಬ್ಬನಿಗೆ ಅಪರಿಚಿತ ಯುವತಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತಾಳೆ. ತನ್ನನ್ನು ಕಂಡುಹಿಡಿಯಲು ಸುಳಿವುಗಳನ್ನಷ್ಟೇ ಕೊಡುತ್ತಾಳೆ. ನೋಡುವ ಹಕ್ಕು ಗಂಡಿನದು, ನೋಡಿಸಿಕೊಳ್ಳುವ ಪಾಡು ಹೆಣ್ಣಿನದು ಎಂಬ ವಧುಪರೀಕ್ಷೆಯ ಕ್ರಮವನ್ನು ಈ ಕಥೆ ತಲೆಕೆಳಗು ಮಾಡುತ್ತದೆ. ಯಾವಾಗ, ಎಷ್ಟು ತಿಳಿಯಬೇಕೆಂದು ನಿರ್ಧರಿಸುವವಳು ಅವಳೇ. ಆದರೆ ಆ ಅಧಿಕಾರವನ್ನು ಕಥೆ ಅವಳಿಗೆ ಕೊಡುವುದು ಮರಣದ ಅಂಚಿನಲ್ಲಿ. ಬದುಕಿ ಉಳಿಯುವ ಹುಡುಗಿಗೆ ಅಷ್ಟು ಸ್ವಾತಂತ್ರ್ಯ ಕೊಡಲು ಕಥೆಗೆ ಧೈರ್ಯವಿಲ್ಲವೆಂಬುದು ಅದರ ಮಿತಿ.

ಮೂರನೆಯದು ರವಿ ಬೆಳಗೆರೆ (ನಿಧನ 2020) ಅವರ 'ಹೇಳಿ ಹೋಗು ಕಾರಣ'. ತಾನು ಪ್ರೀತಿಸಿದ ಪ್ರಾರ್ಥನಾಳನ್ನು ವೈದ್ಯಕೀಯ ಓದಿಗೆ ಕಳುಹಿಸುವ ಹಿಮವಂತ, ಅಲ್ಲಿ ಬೇರೊಬ್ಬನತ್ತ ವಾಲುವ ಅವಳ ಮನಸ್ಸು, ತೊರೆಯಲ್ಪಟ್ಟವನ ಸಂಕಟ ಇದರ ವಸ್ತು. ತರುಣ ಓದುಗರಲ್ಲಿ ಈ ಕೃತಿ ಪಡೆದ ಜನಪ್ರಿಯತೆ ಅಸಾಧಾರಣ. ಇದರ ಶೀರ್ಷಿಕೆಯೇ ಒಂದು ಬೇಡಿಕೆ. ಓದಿಸಿದವನಿಗೆ ಓದಿದವಳು ತನ್ನ ಮನಸ್ಸಿನ ಲೆಕ್ಕ ಒಪ್ಪಿಸಬೇಕೆಂಬ ನಿರೀಕ್ಷೆ ಅದರಲ್ಲಿದೆ. ತೊರೆದವನ ನೋವು ನಿಜ. ಆದರೂ 'ನಿನ್ನನ್ನು ಓದಿಸಿದ್ದೇ ತಪ್ಪಾಯಿತು' ಎಂಬ ಮಾತನ್ನು ಮನೆಯಲ್ಲೇ ಕೇಳಬಹುದಾದ ಹುಡುಗಿ ಈ ಕಾದಂಬರಿಯನ್ನು ಹುಡುಗನಂತೆ ಓದಲಾರಳು. ಅವನಿಗೆ ಅದು ವಿರಹದ ಕಥೆ. ಅವಳಿಗೆ ಅದು ಋಣದ ಕಥೆ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ 'ಬೇಡ' ಎನ್ನುವ ಹೆಣ್ಣು, 'ಹುಡುಕು' ಎನ್ನುವ ಹೆಣ್ಣು, 'ಕಾರಣ ಹೇಳು' ಎಂದು ಕೇಳಿಸಿಕೊಳ್ಳುವ ಹೆಣ್ಣು ಕಾಣುತ್ತಾರೆ. ಕಾಲ ಮುಂದುವರಿದಂತೆ ಹೆಣ್ಣಿನ ಮಾತಿನ ಅಧಿಕಾರ ಏರುತ್ತಲೇ ಹೋಗಿಲ್ಲವೆಂಬುದು ಸ್ಪಷ್ಟ.

5. ಕಥೆಯೊಳಗೆ ಇಲ್ಲದ ಊರು

ಈ ಕಥೆಗಳ ಭೂಗೋಳವನ್ನು ಗಮನಿಸಿದರೆ ಇನ್ನೊಂದು ಸತ್ಯ ಹೊರಬೀಳುತ್ತದೆ. ಕಾಫಿ ತೋಟ, ಮಲೆನಾಡಿನ ಮಳೆ, ಮೈಸೂರಿನ ಬೀದಿ, ಬೆಂಗಳೂರಿನ ಕಾಲೇಜು ಇಲ್ಲಿವೆ. ಏಕಶಿಲೆಯ ಬೆಟ್ಟದ ನೆರಳಿನ ಮಧುಗಿರಿ, ಸಿದ್ಧರಬೆಟ್ಟದ ಕೊರಟಗೆರೆ, ಕಡಲೆಕಾಯಿ ಹೊಲಗಳ ಪಾವಗಡ, ಶಿರಾದ ಗೊಲ್ಲರಹಟ್ಟಿಗಳು ಇಲ್ಲ. ಈ ಸೀಮೆಗೆ ಕಥನವಿಲ್ಲವೆಂದಲ್ಲ. ಶಿರಾ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಮಹತ್ತಾದ ಮೌಖಿಕ ಕಥನ. ಅದರ ಕೇಂದ್ರದಲ್ಲಿ ಪಶುಸಂಪತ್ತು, ಬಂಧುತ್ವ, ದ್ರೋಹಗಳಿವೆ. ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪ ಅವರು ಗ್ರಾಮದ ಅಧಿಕಾರ ಸಂಬಂಧಗಳನ್ನೂ ಶೋಷಣೆಯನ್ನೂ ಬಂಡಾಯದ ನಿಲುವಿನಿಂದ ಬರೆದರು. ಆದರೆ ಹದಿನೇಳರ ಮನಸ್ಸಿನ ಒಲವನ್ನು ಈ ನೆಲದ ಮೇಲಿಟ್ಟು ಬರೆದು, ಈ ವಯಸ್ಸಿನವರ ನಡುವೆ ಕೈಯಿಂದ ಕೈಗೆ ಹೋಗುವ ಕಾದಂಬರಿಯ ಸ್ಥಾನ ತೆರವಾಗಿಯೇ ಇದೆ.

ಈ ಗೈರುಹಾಜರಿಯನ್ನು ಕೇವಲ ಸ್ಥಳೀಯ ಅಭಿಮಾನದ ವಿಷಯವೆಂದು ತಿಳಿಯಬಾರದು. ಜನಪ್ರಿಯ ಪ್ರಣಯ ಕಾದಂಬರಿಯಲ್ಲಿ ಅಡ್ಡಿಯಾಗಿ ಬರುವುದು ಸಾಮಾನ್ಯವಾಗಿ ಅಂತಸ್ತು, ತಪ್ಪು ತಿಳಿವಳಿಕೆ, ರೋಗ. ಜಾತಿ ಹೆಸರು ಹಿಡಿದು ಬರುವುದು ಅಪರೂಪ. ವಾಸ್ತವದಲ್ಲಿ ಊರು ಮತ್ತು ಕೇರಿ, ಊರು ಮತ್ತು ಹಟ್ಟಿಗಳ ನಡುವಿನ ಅಂತರವೇ ಮೊದಲ ಗೋಡೆ. ಕಾನೂನಿನ ಗೆರೆಯೂ ಇದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18ರ ಕೆಳಗಿನವರ ಒಪ್ಪಿಗೆ ಒಪ್ಪಿಗೆಯಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೂಲತಃ ಅಸಿಂಧು. ಕಾನೂನು ರಕ್ಷಣೆ ನೀಡುತ್ತದೆ; ತನ್ನ ಮನಸ್ಸು ಏನೆಂದು ಗುರುತಿಸುವ ಭಾಷೆಯನ್ನು ಅದು ಕಲಿಸಲಾರದು. ಹುಡುಗ ಬೆನ್ನು ಹತ್ತಿ ಕಾಡಿದ್ದನ್ನು ಪ್ರೀತಿಯೆಂದು ತೋರಿಸುವ ಚಿತ್ರಗಳ ನಡುವೆ, ಕಾಡುವುದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸವನ್ನು ಒಳ್ಳೆಯ ಕಾದಂಬರಿ ಕಲಿಸಬಲ್ಲದು.

ಆ ಕಾದಂಬರಿಗೆ ವಸ್ತುವಿನ ಕೊರತೆಯಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಹರಡಿದೆ. 2018ರಲ್ಲಿ ಉದ್ಘಾಟನೆಗೊಂಡ ಈ ಯೋಜನೆಗೆ ರೈತರ ಭೂಮಿಯನ್ನು ಮಾರಾಟಕ್ಕೆ ಬದಲಾಗಿ ಗುತ್ತಿಗೆಯ ಮೇಲೆ ಪಡೆಯಲಾಯಿತು. ಜಮೀನಿದ್ದವರ ಮನೆಗೆ ಬಾಡಿಗೆ ಬಂದಿತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರ ಮನೆಗೆ ಕೆಲಸ ತಪ್ಪಿತು. ಈ ಎರಡು ಮನೆಗಳ ಇಬ್ಬರು ಮಕ್ಕಳು ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾರೆಂದು ಊಹಿಸಿದರೆ ಸಾಕು, ಅಂತಸ್ತು, ಜಾತಿ, ಭಾಷೆ, ಭವಿಷ್ಯಗಳೆಲ್ಲ ಒಂದು ಪ್ರಣಯ ಕಥೆಯೊಳಗೆ ತಾವಾಗಿ ಬಂದು ನಿಲ್ಲುತ್ತವೆ.

6. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ತಾರುಣ್ಯದ ಪ್ರಣಯ ಕಾದಂಬರಿಯನ್ನು ಹಗುರವಾದ ಓದೆಂದು ಬದಿಗಿಡುವುದು ಅದರ ಓದುಗರನ್ನೂ ಬದಿಗಿಟ್ಟಂತೆ. ಆ ಕಾದಂಬರಿಗಳ ಮಿತಿಗಳನ್ನು ಕಟುವಾಗಿಯೇ ಎತ್ತಿ ಹೇಳಬೇಕು. ಆದರೆ ಅವು ಹುಡುಗಿಯ ಬಾಯಿಗೆ 'ಬೇಡ' ಎಂಬ ಮಾತನ್ನು ಕೊಟ್ಟದ್ದನ್ನೂ ಒಪ್ಪಬೇಕು. ಪಂಚಾಯಿತಿ ಗ್ರಂಥಾಲಯಗಳಲ್ಲಿ ಹದಿನಾಲ್ಕರಿಂದ ಹದಿನೆಂಟರವರಿಗೆ ಪ್ರತ್ಯೇಕ ಕಪಾಟು ಬೇಕು, ಅದರಲ್ಲಿ ತ್ರಿವೇಣಿಯವರ ಜೊತೆಗೆ ಇಂದಿನ ಬರಹಗಾರರೂ ಇರಬೇಕು. ಕಾಲೇಜಿನ ಕನ್ನಡ ತರಗತಿಗಳಲ್ಲಿ ಮಕ್ಕಳು ತಾವಾಗಿ ಓದುವ ಕಥೆಗಳನ್ನು ಕುರಿತು ನಾಚಿಕೆಯಿಲ್ಲದೆ ಮಾತನಾಡುವ ಅವಕಾಶ ದೊರೆಯಬೇಕು.

ಈ ನಾಲ್ಕು ತಾಲ್ಲೂಕುಗಳು ಎದುರುನೋಡಬೇಕಾದ ಕೃತಿ ಪ್ರಕಾಶಕರ ಯಾವ ಪಟ್ಟಿಯಲ್ಲೂ ಇಲ್ಲದಿರಬಹುದು. ಅದನ್ನು ಬರೆಯಬೇಕಾದವರು ಬಹುಶಃ ಈಗ ಪಿಯುಸಿ ಓದುತ್ತಿದ್ದಾರೆ. ಅವರು ಬರೆಯುವವರೆಗೆ ಅವರಿಗೆ ಓದಲು ಏನನ್ನು ಕೊಟ್ಟೆವು ಎಂಬುದಕ್ಕೆ ಉತ್ತರ ಹೇಳಬೇಕಾದವರು ನಾವು.