ಐದು ನಿಮಿಷದ ಕತ್ತಲೆಗಾಗಿ ದ್ವೀಪಯಾತ್ರೆ

ಮಕ್ಕಳೇ, ವೈಟ್‌ಫೀಲ್ಡ್, ಕಾಡುಗೋಡಿ ದಾಟಿ ಹೊಸಕೋಟೆಗೆ ಬಂದು ಶಿಡ್ಲಘಟ್ಟದ ರಸ್ತೆ ಹಿಡಿದರೆ ಒಂದು ವಿಜ್ಞಾನ ಕೇಂದ್ರ ಸಿಗುತ್ತದೆ. ಅದು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದ್ದು. ಇದೇ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಸೂರ್ಯನನ್ನು ನೋಡಲು ಭೂಮಿಯ ಇನ್ನೊಂದು ಬದಿಯ ಪುಟ್ಟ ದ್ವೀಪಕ್ಕೆ ಹೋದರು. ಸೂರ್ಯ ನಮ್ಮ ಶಾಲೆಯ ಮೇಲೂ ದಿನವೂ ಬರುತ್ತಾನಲ್ಲ, ಅಷ್ಟು ದೂರ ಏಕೆ ಹೋಗಬೇಕು ಎಂದು ನೀವು ಕೇಳಬಹುದು.

ಅವರಿಗೆ ಬೇಕಿದ್ದದ್ದು ಸೂರ್ಯನ ಬಿಂಬವಲ್ಲ, ಅದರ ಸುತ್ತ ಹರಡಿರುವ ಕರೋನಾ ಎಂಬ ಪ್ರಭಾವಲಯ. ಅದರ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ. ಲಾರಿಯ ಹೆಡ್‌ಲೈಟಿನ ಪಕ್ಕದಲ್ಲಿ ಕುಳಿತ ಮಿಂಚುಹುಳು ನಮಗೆ ಕಂಡೀತೇ? ಚಂದ್ರನು ಬಿಂಬವನ್ನು ಪೂರ್ತಿಯಾಗಿ ಮುಚ್ಚಿದಾಗ ಮಾತ್ರ ಕರೋನಾ ಬರಿಗಣ್ಣಿಗೆ ಕಾಣುತ್ತದೆ. ಅದರಲ್ಲೊಂದು ಒಗಟೂ ಇದೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲಿರುವ ಕರೋನಾದ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಹೆಚ್ಚು! ಒಲೆಯಿಂದ ದೂರ ಸರಿದಷ್ಟೂ ಸೆಕೆ ಏರಿದ ಹಾಗೆ.

ಖಗ್ರಾಸ ಸೂರ್ಯಗ್ರಹಣ ಒಂದೇ ಊರಿಗೆ ಮತ್ತೆ ಬರಲು ಸರಾಸರಿ 375 ವರ್ಷ ಬೇಕು. ಕರ್ನಾಟಕದ ಮೇಲೆ ಅದು ಹಾದುಹೋದದ್ದು 1980ರ ಫೆಬ್ರವರಿ 16ರಂದು. ಅಂದು ಬಹಳಷ್ಟು ಜನ ಹೆದರಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಯಲಿನಲ್ಲಿ ನಿಂತಿದ್ದರು. ಮುಂದಿನ ಗ್ರಹಣಗಳನ್ನು ಕಾಣಬೇಕಾದರೆ ಚಂದ್ರನ ನೆರಳು ಬೀಳುವ ಕಡೆಗೆ ನಾವೇ ಹೋಗಬೇಕು. 2010ರ ಜುಲೈ 11ರಂದು ಆ ನೆರಳು ಹೆಚ್ಚಾಗಿ ಸಮುದ್ರದ ಮೇಲೆಯೇ ಓಡಿತು. ದಾರಿಯಲ್ಲಿ ಸಿಕ್ಕ ಕೆಲವೇ ನೆಲಗಳಲ್ಲಿ ಚಿಲಿ ದೇಶಕ್ಕೆ ಸೇರಿದ ಈಸ್ಟರ್ ದ್ವೀಪವೂ ಒಂದು. ದೊಡ್ಡ ಕಲ್ಲಿನ ಮುಖಗಳ ಚಿತ್ರಗಳಲ್ಲಿ ನೀವು ಅದನ್ನು ನೋಡಿರಬಹುದು.

ಈಗ ನೀವೂ ಅಂಥ ಒಂದು ತಂಡದಲ್ಲಿ ಇದ್ದೀರಿ ಎಂದುಕೊಳ್ಳಿ. ದ್ವೀಪದ ವಿಸ್ತೀರ್ಣ ಸುಮಾರು 163 ಚದರ ಕಿಲೋಮೀಟರ್, ಬೆಂಗಳೂರು ನಗರದ ಕಾಲು ಭಾಗವೂ ಇಲ್ಲ. ಚಿಲಿಯ ಕರಾವಳಿ ಅಲ್ಲಿಂದ ಸುಮಾರು 3,500 ಕಿಲೋಮೀಟರ್ ದೂರ. ಇರುವುದು ಹಂಗಾ ರೋವಾ ಎಂಬ ಒಂದೇ ಊರು. ಪೀಣ್ಯದಲ್ಲಾದರೆ ಒಂದು ಬೋಲ್ಟು ಕಳೆದುಹೋದರೆ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಲೇತಿನಲ್ಲಿ ಕಡೆಸಿಕೊಳ್ಳಬಹುದು. ಇಲ್ಲಿ ಆ ಮಾತೇ ಇಲ್ಲ. ಆದ್ದರಿಂದ ಕನ್ನಡಿ, ಮಸೂರ, ಕ್ಯಾಮೆರಾಗಳ ಜೊತೆ ಸ್ಕ್ರೂ, ತಂತಿ, ಟೇಪು ಎಲ್ಲವನ್ನೂ ಎರಡೆರಡು ಕಟ್ಟಿಕೊಂಡೇ ಹೋಗಬೇಕು.

ದ್ವೀಪದಲ್ಲಿ ನದಿಯಿಲ್ಲ. ಮಳೆಯ ನೀರು ಜ್ವಾಲಾಮುಖಿಯ ಕಲ್ಲಿನಲ್ಲಿ ಇಂಗಿಹೋಗುತ್ತದೆ. ಬಾವಿಯ ನೀರೇ ಆಧಾರ, ಹಿತಮಿತವಾಗಿ ಬಳಸಬೇಕು. ಅಕ್ಕಿ, ಬೇಳೆ ಹಡಗು ವಿಮಾನಗಳಲ್ಲಿ ಬರಬೇಕು. ಆದರೆ ಅಲ್ಲಿ ಬೆಳೆಯುವುದು ಏನು ಗೊತ್ತೇ? ಗೆಣಸು, ಬಾಳೆ, ಕೆಸುವಿನ ಗೆಡ್ಡೆ! ಜೊತೆಗೆ ಸಮುದ್ರದ ಮೀನು. ಮನೆಗೆ ಫೋನು ಮಾಡಬೇಕೆಂದರೆ ಲೆಕ್ಕ ಹಾಕಬೇಕು: ಅಲ್ಲಿ ರಾತ್ರಿ 8 ಗಂಟೆಯಾದಾಗ ಇಲ್ಲಿ ಮರುದಿನ ಬೆಳಗಿನ ಏಳೂವರೆ.

ಅಲ್ಲಿ ಜುಲೈ ಚಳಿಗಾಲ. ಮಧ್ಯಾಹ್ನ ಸೂರ್ಯ ಉತ್ತರದ ಕಡೆಗೆ ಇರುತ್ತಾನೆ, ನಿಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತದೆ. ರಾತ್ರಿ ಧ್ರುವನಕ್ಷತ್ರ ಕಾಣುವುದೇ ಇಲ್ಲ. ಇದು ತಮಾಷೆಯ ಸಂಗತಿಯಲ್ಲ, ತೊಂದರೆಯ ಸಂಗತಿ. ಸೂರ್ಯನ ಜೊತೆಜೊತೆಗೆ ತಿರುಗುವ ದೂರದರ್ಶಕದ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸರಿಯಾಗಿ ಹೊಂದಿಸಬೇಕು. ನಮ್ಮಲ್ಲಿ ಧ್ರುವನಕ್ಷತ್ರ ದಾರಿ ತೋರಿಸುತ್ತದೆ. ದಕ್ಷಿಣ ಧ್ರುವದ ನೇರಕ್ಕೆ ಅಂಥ ಹೊಳೆಯುವ ನಕ್ಷತ್ರವಿಲ್ಲ. ಹಗಲಿನಲ್ಲಿ ಸೂರ್ಯನ ಚಲನೆಯನ್ನೇ ನೋಡಿ, ಸ್ವಲ್ಪಸ್ವಲ್ಪ ತಿರುಗಿಸಿ, ಮತ್ತೆ ಮತ್ತೆ ಹೊಂದಿಸಬೇಕು. ನಡುವೆ ಮಳೆ ಬಂದರೆ ಟಾರ್ಪಾಲು ಹೊದಿಸಲು ಓಡಬೇಕು. ಕಡಲಗಾಳಿಯ ಉಪ್ಪು ಕನ್ನಡಿಗೆ ಅಂಟದಂತೆ ನೋಡಿಕೊಳ್ಳಬೇಕು.

ಇಷ್ಟಾದ ಮೇಲೆ ತಾಲೀಮು. ಒಬ್ಬರು ಸೆಕೆಂಡು ಎಣಿಸುತ್ತಾರೆ, ಒಬ್ಬರು ಕ್ಯಾಮೆರಾ ನೋಡಿಕೊಳ್ಳುತ್ತಾರೆ, ಒಬ್ಬರು ಮುಚ್ಚಳ ತೆಗೆಯುತ್ತಾರೆ. ಮುಚ್ಚಳ ತೆಗೆಯುವುದೂ ಒಂದು ಕೆಲಸವೇ ಎನ್ನಬೇಡಿ. ಗಾಬರಿಯಲ್ಲಿ ಮರೆಯುವುದು ಅದನ್ನೇ. ನಾಟಕದ ಅಭ್ಯಾಸದಂತೆ ದಿನವೂ ಇದನ್ನೇ ಮಾಡಬೇಕು, ಏಕೆಂದರೆ ಆ ದಿನ ದ್ವೀಪದಲ್ಲಿ ಪೂರ್ಣ ಕತ್ತಲೆ ಇರುವುದು ಸುಮಾರು 4 ನಿಮಿಷ 40 ಸೆಕೆಂಡು ಮಾತ್ರ. ಉಪಕರಣದ ಪರದೆ ನೋಡುವವರಿಗೆ ತಲೆಯೆತ್ತಿ ಗ್ರಹಣ ನೋಡಲೂ ಪುರುಸೊತ್ತು ಸಿಗದೆ ಹೋಗಬಹುದು!

ಮೋಡ ಬಂದರೆ? ಏನೂ ಮಾಡುವಂತಿಲ್ಲ. 1919ರ ಮೇ 29ರಂದು ಇಂಗ್ಲೆಂಡಿನ ಎಡಿಂಗ್ಟನ್ ಆಫ್ರಿಕಾದ ಬಳಿಯ ಪ್ರಿನ್ಸಿಪೆ ಎಂಬ ದ್ವೀಪದಿಂದ ಗ್ರಹಣ ನೋಡಿದರು. ಬೆಳಿಗ್ಗೆ ಮಳೆ, ಆಮೇಲೆ ಮೋಡ. ತೆಗೆದ 16 ಚಿತ್ರಗಳಲ್ಲಿ ಕೆಲಸಕ್ಕೆ ಬಂದವು ಎರಡೇ.

2010ರ ತಂಡದ ಅದೃಷ್ಟ ಚೆನ್ನಾಗಿತ್ತು. ಮಧ್ಯಾಹ್ನ 2 ಗಂಟೆ ದಾಟುತ್ತಿದ್ದಂತೆ ಕತ್ತಲೆ ಕವಿಯಿತು. ಜಗದೇವ್ ಸಿಂಗ್ ಮತ್ತು ಅವರ ಸಂಗಡಿಗರ ರೋಹಿತದರ್ಶಕ ಕರೋನಾದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ದಾಖಲಿಸಿತು. ಅವರು ಹುಡುಕಿದ್ದು ಒಂದು ಹಸಿರು ಗೆರೆ, ಒಂದು ಕೆಂಪು ಗೆರೆ. ಎರಡೂ ಕಬ್ಬಿಣದ ಪರಮಾಣುಗಳು ಸೂಸುವ ಬೆಳಕು. ಕಬ್ಬಿಣದ 26 ಎಲೆಕ್ಟ್ರಾನುಗಳಲ್ಲಿ 13 ಕಿತ್ತುಹೋದಾಗ ಹಸಿರು, 9 ಹೋದಾಗ ಕೆಂಪು ಗೆರೆ ಬರುತ್ತದೆ. ಅಷ್ಟು ಎಲೆಕ್ಟ್ರಾನುಗಳನ್ನು ಕೀಳಬೇಕಾದರೆ ಎಷ್ಟು ಕಾವು ಇರಬೇಕು, ನೀವೇ ಊಹಿಸಿ. ಈ ಗೆರೆಗಳ ಬೆಳಕು ಕೆಲವೇ ಸೆಕೆಂಡುಗಳಿಗೊಮ್ಮೆ ಏರಿಳಿಯುತ್ತಿತ್ತು. ಕರೋನಾವನ್ನು ಕಾಯಿಸುವುದು ಅಲೆಗಳೇ ಇರಬಹುದೇ ಎಂಬ ಪ್ರಶ್ನೆಗೆ ಇದೊಂದು ಸುಳಿವು. ಇದರ ಪ್ರಬಂಧ ಅಚ್ಚಾದದ್ದು 2016ರಲ್ಲಿ. ಐದು ನಿಮಿಷವೂ ಇಲ್ಲದ ನೋಟ, ವರ್ಷಗಟ್ಟಲೆಯ ಲೆಕ್ಕ!

ಗ್ರಹಣಕ್ಕೆ ಕಾಯದೆ ಕರೋನಾ ನೋಡುವ ದಾರಿಯೂ ಈಗ ಇದೆ. ಹೊಸಕೋಟೆಯ ಕೇಂದ್ರದಲ್ಲಿ ಜೋಡಿಸಿದ ಉಪಕರಣವೊಂದು 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯಲ್ಲಿ ಹೊರಟು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆಗೆ ತಲುಪಿತು. ಅದರ ಒಂದು ಕನ್ನಡಿಯ ನಡುವೆ ತೂತಿದೆ. ಬಿಂಬದ ಬೆಳಕು ತೂತಿನಿಂದ ಹೊರಹೋಗುತ್ತದೆ, ಸುತ್ತಲಿನ ಕರೋನಾದ ಬೆಳಕು ಮಾತ್ರ ಕನ್ನಡಿಯಲ್ಲಿ ಪ್ರತಿಫಲಿಸುತ್ತದೆ. ಅದು ನೋಡುವ ಗೆರೆಗಳಲ್ಲಿ ದ್ವೀಪದಲ್ಲಿ ಕಂಡ ಆ ಹಸಿರು ಗೆರೆಯೂ ಇದೆ.

ಮಾಡಿ ನೋಡಿ: ದ್ವೀಪದ ನೆರಳನ್ನು ನಿಮ್ಮ ಶಾಲೆಯಲ್ಲೇ ಕಾಣಬಹುದು. ಜೂನ್ ತಿಂಗಳ ಬಿಸಿಲಿನ ದಿನ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ 12ರಿಂದ 12-45ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಯನ್ನು ಗುರುತು ಮಾಡಿ. ಅತಿ ಗಿಡ್ಡ ನೆರಳು ಯಾವ ದಿಕ್ಕಿಗೆ ಬಿತ್ತು? ಡಿಸೆಂಬರಿನಲ್ಲಿ ಅದೇ ಜಾಗದಲ್ಲಿ ಮತ್ತೊಮ್ಮೆ ಮಾಡಿ. ನೋಡಬೇಕಾದದ್ದು ನೆರಳನ್ನು, ಸೂರ್ಯನನ್ನು ಬರಿಗಣ್ಣಿನಿಂದ ನೋಡಬೇಡಿ.