ಕುಂಡ ಬದಲಿಸಿದ ಮಲ್ಲಿಗೆಯ ಆರೈಕೆ

ಹಂಚಿನ ಕಾರ್ಖಾನೆಗಳಿಗೆ ಹೆಸರಾಗಿದ್ದ ಮಂಗಳೂರಿನ ಜೆಪ್ಪುವಿನಲ್ಲಿಯೂ ಕರಾವಳಿಯ ಇತರೆಡೆಗಳಲ್ಲಿಯೂ ಮಲ್ಲಿಗೆಯನ್ನು ದೊಡ್ಡ ಕುಂಡಕ್ಕೆ ಬದಲಿಸಿದ ಮೇಲೆ ಎಲೆಗಳು ಬಾಡಿ ಉದುರುವುದುಂಟು. ಇದು ರೋಗವಲ್ಲ. ಎಳೆಬೇರುಗಳು ಹರಿದಿರುವುದರಿಂದ, ಎಲೆಗಳಿಂದ ಆವಿಯಾಗಿ ಹೋಗುವಷ್ಟು ನೀರನ್ನು ಬೇರುಗಳು ಒದಗಿಸಲಾರವು. ಇದನ್ನರಿಯದೆ ಪದೇ ಪದೇ ನೀರೆರೆದರೆ ಮಣ್ಣಿನಲ್ಲಿ ಗಾಳಿಯಾಡದೆ ಉಳಿದ ಬೇರುಗಳೂ ಕೊಳೆಯುವುವು. ಬದುಕಬಹುದಾದ ಗಿಡವು ಉಪಚಾರದಿಂದಲೇ ಸಾಯುವುದು.

ಆದುದರಿಂದ ಗಿಡವನ್ನು ಸುಮಾರು 10 ದಿನಗಳವರೆಗೆ ಬೆಳಕುಳ್ಳ ನೆರಳಿನಲ್ಲಿಡತಕ್ಕದ್ದು. ಮೇಲಿನ 1 ಅಂಗುಲ ಮಣ್ಣು ಒಣಗಿದಾಗಲೇ ನೀರೆರೆದು, ಹೆಚ್ಚಿನ ನೀರು ತಳದ ತೂತಿನಿಂದ ಬಸಿದುಹೋಗುವಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಸೂರಿನ ನೀರು ಕುಂಡಕ್ಕೆ ಬೀಳಗೊಡಬಾರದು. ಹೊಸ ಚಿಗುರು ಬಲಿಯುವವರೆಗೆ ಗೊಬ್ಬರ ಹಾಕಬಾರದು. ಎಲೆಗಳೆಲ್ಲ ಉದುರಿದರೂ ಕಾಂಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡತಕ್ಕದ್ದು. ಒಳಗೆ ಹಸುರಿದ್ದರೆ ಗಿಡವನ್ನು ಕೀಳದೆ ಕಾಯುವುದೇ ಲೇಸು.